ಅವ್ವನ ದನಿಗೆ ಬರೆದ ಅಕ್ಷರ

ಮೇಲೂರು, ಕೊಪ್ಪಳ ಸೀಮೆ
ಫೆಬ್ರವರಿ ೩೦, ೨೧೯೪

ಹಿಂದಿನ ಕಾಲದ ಹಿರಿಯರಿಗೆ, ಭಾಗಮ್ಮನ ಮಗಳು ಜಗದೇವಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಮುದುಕಿ ಕೈತಪ್ಪಿ ಬರೆದಿದ್ದಾಳೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ಬೇಸಿಗೆಯ ನಡುವೆ ಒಟ್ಟಿಗೆ ಸೇರಿಸಿ ಬಿಸಿಲುರಜೆ ಎಂದು ಕೊಟ್ಟುಬಿಡುತ್ತಾರೆ. ನಿಮ್ಮಲ್ಲಿ ಈ ಕಾಗದ ಓದುವವರು ಹತ್ತು ವರ್ಷದವರಾಗಿದ್ದರೂ ನನಗೆ ಹಿರಿಯರೇ, ಆದ್ದರಿಂದ ಹಾಗೆಂದು ಕರೆದೆ. ನನ್ನ ಕನ್ನಡ ನಿಮಗೆ ಸಪ್ಪೆಯಾಗಿ ಕಾಣಬಹುದು. ಕೆಲವು ಶಬ್ದಗಳು ನಿಮ್ಮಲ್ಲಿ ಇಲ್ಲದವು, ನಿಮ್ಮಲ್ಲಿರುವ ಕೆಲವು ನನ್ನಲ್ಲಿ ಇಲ್ಲದವು. ಎರಡಕ್ಕೂ ಕ್ಷಮೆ ಇರಲಿ.

ನಾನಿರುವ ಮೇಲೂರನ್ನು ಕೊಪ್ಪಳದ ಬಂಡೆಗಳ ನಡುವೆ ಕಟ್ಟಿದ್ದು ಕಡಲ ತೀರದಿಂದ ಎದ್ದುಬಂದವರಿಗಾಗಿ. ಸಮುದ್ರ ಅವರ ಊರುಗಳನ್ನು ತೆಗೆದುಕೊಂಡಿತು, ಸರ್ಕಾರ ಅವರಿಗೆ ಬಂಡೆಗಳನ್ನು ಕೊಟ್ಟಿತು. ಬೀದಿಗಳ ಮೇಲೆಲ್ಲ ದಪ್ಪ ಬಟ್ಟೆಯ ಚಾವಣಿ, ಅದಕ್ಕೆ ನೆಳಲುಬೀದಿ ಎಂದು ಹೆಸರು. ಬೆಳಕು ಹರಿಯುವ ಮೊದಲೇ ಅಂಗಡಿ, ಶಾಲೆ, ಕಚೇರಿ ಎಲ್ಲ ತೆರೆಯುತ್ತವೆ. ಬಿಸಿಗಂಟೆ ಹೊಡೆದರೆ ಜನ ಒಳಗೆ ಸೇರಿ ಕದ ಹಾಕಿಕೊಳ್ಳುತ್ತಾರೆ. ಹೊತ್ತು ಇಳಿದ ಮೇಲೆ ಊರು ಎರಡನೆಯ ಸಲ ಎದ್ದು ಮುಖ ತೊಳೆಯುತ್ತದೆ. ಮೀನು ಬೆಳೆಯುವುದು ಸಿಮೆಂಟಿನ ತೊಟ್ಟಿಗಳಲ್ಲಿ. ಜೋಳ ಮಾತ್ರ ಈಗಲೂ ಹೊಲದಲ್ಲೇ ಬೆಳೆಯುತ್ತದೆ, ಅದಕ್ಕೆ ಬಿಸಿಲಿನ ಭಯವಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ನಾನು ಈ ಊರಿಗೆ ಅಕ್ಷರ ವಿನ್ಯಾಸ ಕಲಿಯಲು ಬಂದೆ. ಶಾಲೆ ದೊಡ್ಡದು, ಆದರೆ ಅಕ್ಷರದ ವಿಭಾಗದಲ್ಲಿ ಆ ವರ್ಷ ಇದ್ದವಳು ನಾನೊಬ್ಬಳೇ. ಉದ್ದನೆಯ ಕೋಣೆ, ಸಾಲಾಗಿ ಮೇಜುಗಳು. ನಾನು ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತುಕೊಳ್ಳುತ್ತಿದ್ದೆ. ಒಮ್ಮೊಮ್ಮೆ ಬೇಜಾರಾದರೆ ಬೇರೆ ಮೇಜಿಗೆ ಹೋಗಿ ಕೂತು, ಅಲ್ಲಿಂದ ನನ್ನ ಖಾಲಿ ಕುರ್ಚಿಯನ್ನು ನೋಡುತ್ತಿದ್ದೆ.

ಈಗ ಮಣಿಯ ವಿಷಯ ಹೇಳಬೇಕು, ಅದಿಲ್ಲದೆ ಮುಂದಿನದು ತಿಳಿಯುವುದಿಲ್ಲ. ಮಣಿ ಎಂದರೆ ಕಿವಿಯೊಳಗೆ ಕೂರುವ, ಹೆಸರುಕಾಳಿನಷ್ಟು ದೊಡ್ಡ ಸಾಧನ. ಎದುರಿನವರು ಯಾವ ಸೀಮೆಯ ಕನ್ನಡ ಆಡಲಿ, ಅದು ನಮ್ಮ ಕಿವಿಗೆ ಬೀಳುವಾಗ ಒಪ್ಪನುಡಿಯಾಗಿ ಬೀಳುತ್ತದೆ. ಒಪ್ಪನುಡಿ ಎಂದರೆ ನಾನು ಈಗ ಬರೆಯುತ್ತಿರುವ ಇಂಥದೇ ಕನ್ನಡ. ಗಂಟಲು ಅವರದೇ ಇರುತ್ತದೆ. ಆದರೆ ಎಳೆತ, ರಾಗ, ನುಂಗಿದ ಅಕ್ಷರ, ಊರಿನ ಶಬ್ದ ಎಲ್ಲವೂ ಸೋಸಿ ಹೋಗಿರುತ್ತವೆ. ಹೆಸರಿಡುವ ದಿನವೇ ಮಗುವಿನ ಕಿವಿಗೆ ಮಣಿ ಇಡುತ್ತಾರೆ. ಇದನ್ನು ತಂದವರು ಕೆಟ್ಟವರಲ್ಲ. ಊರು ಬಿಟ್ಟು ಊರಿಗೆ ಬಂದ ಜನ ಮಾತಿನ ಕಾರಣಕ್ಕೇ ನಗೆಗೀಡಾಗುತ್ತಿದ್ದ ಕಾಲವದು. ಯಾರೂ ಯಾರನ್ನೂ ನೋಡಿ ನಗಬಾರದು ಎಂದು ತಂದರು, ನಗು ನಿಜವಾಗಿಯೂ ನಿಂತಿತು. ಮಣಿ ಕಿವಿಯಲ್ಲಿದ್ದರೆ ಹಸಿರು ಮಿಣುಕು ಕಾಣುತ್ತದೆ. ಅನುಮತಿ ಕೇಳದೆ ಮಣಿ ತೆಗೆದು ಒಬ್ಬರ ಎದುರು ಕೂರುವುದು, ಅವರ ಸೆರಗು ಸರಿಸಿ ನೋಡಿದಷ್ಟು ಅಸಭ್ಯ. ಸೋಸದ ದನಿಗೆ ಹಸಿದನಿ ಎನ್ನುತ್ತೇವೆ, ಆ ಶಬ್ದವನ್ನೂ ಜನ ತಗ್ಗಿದ ದನಿಯಲ್ಲೇ ಹೇಳುವುದು.

ಕೊನೆಯ ವರ್ಷದ ಒಂದು ಬೆಳಿಗ್ಗೆ ಮಣಿಯನ್ನು ತೊಳೆದು ಒಣಗಲು ಇಟ್ಟಿದ್ದೆ. ಕದ ಬಡಿದ ಸದ್ದಾಯಿತು. ತೆರೆದರೆ ಪಕ್ಕದ ಕೋಣೆಯ ಅಕ್ಕಣಿಯಜ್ಜಿ ನಿಂತಿದ್ದರು. ಕುಂದಾಪುರದ ಕಡೆಯಿಂದ ಚಿಕ್ಕಂದಿನಲ್ಲೇ ಬಂದವರು, ಒಬ್ಬರೇ ಇದ್ದರು. ಎಷ್ಟೋ ಸಲ ಅವರೊಡನೆ ಮಾತಾಡಿದ್ದೆ. ಆದರೆ ಆ ದಿನ ಅವರ ಬಾಯಿಂದ ಬಂದ ಮಾತು ನನಗೆ ಹೊಸದು.

"ಹ್ವಾಯ್ ಹೆಣೆ, ನೀರ್ ಬಂತ್. ಕೊಡಪಾನ ತಕಂಡ್ ಬಾ. ಮತ್ತೆ ನಿಂತ್ ಹೋತ್ತ್."

ನಾನು ಬಾಯಿ ಬಿಟ್ಟುಕೊಂಡು ನಿಂತೆ. ನೀರು ಎಂಬುದೊಂದು ತಿಳಿಯಿತು; ಹೆಣೆ ಎಂದರೆ ಹುಡುಗಿ ಎಂಬುದು ಆಮೇಲೆ ಗೊತ್ತಾಯಿತು. ಮಾತುಗಳು ಒಂದರ ಹಿಂದೆ ಒಂದು ಓಡಿಬಂದು, ಕೊನೆಯಲ್ಲಿ ಪಟ್ಟನೆ ಬಾಗಿಲು ಹಾಕಿಕೊಂಡಂತೆ ಇತ್ತು. ಕಿವಿ ಮುಟ್ಟಿಕೊಂಡೆ, ಮಣಿ ಇಲ್ಲ. ನಾಚಿಕೆಯಿಂದ ಒಳಗೆ ಓಡಬೇಕು ಅನ್ನುವಷ್ಟರಲ್ಲಿ ಅಜ್ಜಿ ನಕ್ಕರು. ಅವರ ಕಿವಿ ಚಿಕ್ಕಂದಿನಿಂದ ಸೋರುತ್ತಿದ್ದುದರಿಂದ ಅವರಿಗೆ ಮಣಿ ಕೂರುತ್ತಿರಲಿಲ್ಲ. ಹಾಗಾಗಿ ಅವರು ಎಲ್ಲರ ಹಸಿದನಿಯನ್ನೂ ಕೇಳುತ್ತಿದ್ದರು, ಅವರದನ್ನು ಯಾರೂ ಕೇಳುತ್ತಿರಲಿಲ್ಲ.

ಆ ಸಂಜೆ ಅವರ ಕೋಣೆಗೆ ಹೋಗಿ, ಮಣಿ ತೆಗೆದು ನಿಮ್ಮ ಮಾತು ಕೇಳಬಹುದೇ ಎಂದು ಕೇಳಿದೆ. ಅವರು ತಲೆಯಾಡಿಸಿದ ಮೇಲೆ ಮಣಿ ತೆಗೆದೆ.

"ಕೇಣ್ ಮಾರಾಯ್ತಿ," ಎಂದರು. "ನನ್ ಮಾತ್ ಕೇಂಬುಕೆ ಇಲ್ಲ್ ಯಾರಿದ್ರ್?" ತಮ್ಮ ಮಾತು ಕೇಳುವವರು ಇಲ್ಲಿ ಯಾರಿದ್ದಾರೆ ಎಂದು.

ಮರುದಿನವೇ ನನ್ನ ಗುರುಗಳಾದ ತೋಂಟದಾರ್ಯ ಸರ್ ಹತ್ತಿರ ಹೋಗಿ, ಕೊನೆಯ ವರ್ಷದ ಕೆಲಸವಾಗಿ ಸೀಮೆ ಸೀಮೆಯ ಉಚ್ಚಾರಕ್ಕೆ ಅಕ್ಷರ ಬರೆಯುತ್ತೇನೆ ಎಂದೆ. ನಮ್ಮಲ್ಲಿ ಗೋಡೆಯ ಮೇಲೂ ಔಷಧದ ಶೀಶೆಯ ಮೇಲೂ ಒಂದೇ ಅಕ್ಷರ, ಒಂದೇ ಸುತ್ತು; ಅದಕ್ಕೆ ಒಪ್ಪಕ್ಷರ ಎಂದು ಹೆಸರು. ಓದಿದಾಗ ಯಾರ ದನಿಯೂ ಕೇಳಿಸುವುದಿಲ್ಲ. ಸರ್ ಒಳ್ಳೆಯವರು, ಬೇಡ ಅನ್ನಲಿಲ್ಲ. "ಅಕ್ಷರ ಕಣ್ಣಿನದು ಜಗದೇವಿ, ದನಿ ಕಿವಿಯದು," ಎಂದರು. "ಎರಡು ಎತ್ತನ್ನು ಎದುರುಬದುರು ಕಟ್ಟಿದರೆ ಗಾಡಿ ಹೋಗುವುದಿಲ್ಲ. ಆದರೂ ಮಾಡಿ ನೋಡು."

ಮಾಡಿ ನೋಡಿದೆ. ಅಕ್ಕಣಿಯಜ್ಜಿ ತೊಟ್ಟಿಮೀನನ್ನು ಬೈಯುತ್ತ ಸಾರು ಮಾಡುವರು, ನಾನು ನೆಲದ ಮೇಲೆ ಕಾಗದ ಹರಡಿಕೊಂಡು ಬರೆಯುವೆ. ಅವರು ಕೊನೆಯ ಸ್ವರವನ್ನು ನುಂಗುವ ಕಡೆ ನಾನು ಅಕ್ಷರದ ತಲೆಕಟ್ಟನ್ನು ಕತ್ತರಿಸಿದೆ. ತಲೆಕಟ್ಟು ಇಲ್ಲದ ಅಕ್ಷರ ಚಾವಣಿ ಹಾರಿಹೋದ ಮನೆಯಂತೆ ಕಾಣುತ್ತಿತ್ತು, ಹಾಗಾಗಿ ಪಕ್ಕದ ಅಕ್ಷರವನ್ನು ಸ್ವಲ್ಪ ಬಾಗಿಸಿ ಅದಕ್ಕೆ ಆಸರೆ ಕೊಟ್ಟೆ. ಮೊದಲ ಹಾಳೆ ತೋರಿಸಿದಾಗ ಅಜ್ಜಿ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಚಂದ ಇತ್ತ್. ಆರೆ ನಾವ್ ಇಷ್ಟ್ ನಿಧಾನ ಮಾತಾಡುದಿಲ್ಲೆ ಹೆಣೆ."

ಅಕ್ಷರಗಳ ನಡುವಿನ ಜಾಗ ಕಡಿಮೆ ಮಾಡಿದೆ. ಇನ್ನೂ ಕಡಿಮೆ ಮಾಡಿದೆ. ದಡಕ್ಕೆ ಎಳೆದು ಸಾಲಾಗಿ ನಿಲ್ಲಿಸಿದ ದೋಣಿಗಳ ಹಾಗೆ ಅವು ಒಂದಕ್ಕೊಂದು ತಾಗಿ ನಿಂತಾಗ ಅಜ್ಜಿ ತಾವಾಗಿಯೇ ಗಟ್ಟಿಯಾಗಿ ಓದಿದರು. ಓದಿ ಮುಗಿಸಿ ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ, ನಾನು ಯೋಚಿಸಿಯೇ ಇರದ ಪ್ರಶ್ನೆ ಕೇಳಿದರು.

"ನಿನ್ನ್ ಅಬ್ಬಿ ಯಾವ್ ಬದಿಯರ್? ಅವ್ರ್ ಮಾತ್ ಹ್ಯಾಂಗಿತ್ತ್?"

ಅಬ್ಬಿ ಎಂದರೆ ತಾಯಿ. ನನ್ನ ಅವ್ವ ಸೇಡಂ ಕಡೆಯವಳು, ಅಲ್ಲಿಯ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಅಪ್ಪ ನಾನು ಹುಟ್ಟುವ ಮೊದಲೇ ತೀರಿಕೊಂಡದ್ದರಿಂದ ಮನೆಯಲ್ಲಿ ನಾವಿಬ್ಬರೇ. ಆದರೆ ಅವಳ ಮಾತು ಹೇಗಿದೆ? ನನಗೆ ಗೊತ್ತಿರಲಿಲ್ಲ. ಚಿಕ್ಕವಳಿದ್ದಾಗ ಅವಳು ನನ್ನ ತಲೆಗೆ ನೀರು ಹಾಕುವಾಗ ಇಬ್ಬರ ಮಣಿಯನ್ನೂ ಗೂಡಿನಲ್ಲಿ ತೆಗೆದಿಡುತ್ತಿದ್ದಳು. ಅಷ್ಟು ಹೊತ್ತೂ ಅವಳು ಒಂದೂ ಮಾತಾಡುತ್ತಿರಲಿಲ್ಲ. ಕಣ್ಣಿಗೆ ಸೀಗೆ ಹೋಗಿ ನಾನು ಅತ್ತರೂ, ಸುಮ್ಮನೆ ಬೆನ್ನು ಸವರುತ್ತಿದ್ದಳು. ಬಚ್ಚಲಲ್ಲಿ ನೀರಿನ ಸದ್ದು ಮಾತ್ರ. ಎಲ್ಲರ ತಾಯಂದಿರೂ ಹಾಗೆಯೇ ಎಂದು ನಾನು ತಿಳಿದಿದ್ದೆ.

ರಜೆ ಬಂದ ಕೂಡಲೇ ಸೇಡಂಗೆ ಹೋದೆ. ಉಂಡು ಕೂತಾಗ, ಮಣಿ ತೆಗೆದು ನಿನ್ನ ಮಾತು ಒಮ್ಮೆ ಕೇಳಲೇ ಅವ್ವಾ ಎಂದು ಕೇಳಿದೆ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಬಹಳ ಹೊತ್ತು ಪಾತ್ರೆ ತಿಕ್ಕಿದಳು. ನಾನು ಹಿಂದೆಯೇ ಹೋಗಿ ನಿಂತೆ. ಆಗ ಅವಳು ಬೆನ್ನು ತಿರುಗಿಸದೆಯೇ ಹೇಳಿದ್ದನ್ನು, ಮಣಿಯ ಮೂಲಕ ನನಗೆ ಕೇಳಿಸಿದಂತೆಯೇ ಬರೆಯುತ್ತೇನೆ:

"ಕೆಲಸಕ್ಕೆ ಸೇರಿದ ಹೊಸತರಲ್ಲಿ ದೂರದ ಊರಿನ ಆಸ್ಪತ್ರೆಗೆ ಹಾಕಿದ್ದರು. ರೋಗಿಗಳ ಹೆಸರು ಕೂಗುವುದು ನನ್ನ ಕೆಲಸ. ನಾನು ಕೂಗಿದರೆ ಸಾಕು, ನಗು. ಒಬ್ಬಳು ನನ್ನ ಹಾಗೆಯೇ ಮಾತಾಡಿ ತೋರಿಸಿದಳು. ಎಲ್ಲರೂ ನಕ್ಕರು, ನಾನೂ ಅವರ ಜೊತೆ ನಕ್ಕೆ. ಆವತ್ತಿನಿಂದ ಬಾಯಿ ಮುಚ್ಚಿದವಳು ಮಣಿ ಬರುವ ತನಕ ತೆರೆಯಲಿಲ್ಲ. ನನಗೆ ಮಾತು ಕೊಟ್ಟದ್ದು ಮಣಿ. ನೀನು ಅದನ್ನು ತೆಗೆ ಅನ್ನುತ್ತೀಯ."

ನಾನು ನಗುವುದಿಲ್ಲ ಎಂದೆ. ಎಷ್ಟು ಬಡವಾದ ಮಾತು ಅದು! ಆ ಸಲ ಅವಳು ಒಪ್ಪಲಿಲ್ಲ. ಮೇಲೂರಿಗೆ ವಾಪಸು ಬಂದೆ.

ಮುಂದಿನ ಸಲ ಹೋದಾಗ ನಾನು ಆ ಮಾತೇ ಎತ್ತಲಿಲ್ಲ. ಅಕ್ಕಣಿಯಜ್ಜಿಯ ಹಾಳೆಗಳನ್ನು ಮಾತ್ರ ತೋರಿಸಿದೆ. ಅವ್ವ ಅವನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದಾಗಿ ನೋಡಿದಳು. ಯಾರೀಕೆ, ಒಬ್ಬಳೇ ಇರುತ್ತಾಳೆಯೇ, ಊಟಕ್ಕೆ ಏನು ಮಾಡಿಕೊಳ್ಳುತ್ತಾಳೆ ಎಂದೆಲ್ಲ ಕೇಳಿದಳು. ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, ನನ್ನ ಕಿವಿಯ ಕಡೆ ಬೆರಳು ಮಾಡಿ, ತೆಗೆ ಎಂದು ಸನ್ನೆ ಮಾಡಿದಳು. ನಾನು ಮಣಿ ತೆಗೆದೆ.

ಅವ್ವ ಮಾತಾಡಿದಳು.

ನನಗೆ ಅರ್ಥವಾಗಲಿಲ್ಲ. ನಿಜ ಹೇಳುತ್ತಿದ್ದೇನೆ. ಹೆತ್ತವಳು ಎದುರಿಗೆ ಕೂತು, ಮನಸ್ಸು ಗಟ್ಟಿ ಮಾಡಿ, ಎಷ್ಟೋ ವರ್ಷ ಮುಚ್ಚಿಟ್ಟಿದ್ದನ್ನು ತೆರೆದಳು. ನನಗೆ ಅಲ್ಲೊಂದು ಇಲ್ಲೊಂದು ಶಬ್ದ ಬಿಟ್ಟರೆ ಏನೂ ತಿಳಿಯಲಿಲ್ಲ. ದನಿ ಅವಳದೇ. ಆದರೆ ಅದು ಎಲ್ಲೋ ಏರಿ, ಎಲ್ಲೋ ಎಳೆದು, ನಾನು ಎಣಿಸದ ಕಡೆ ಇಳಿಯುತ್ತಿತ್ತು. ಅವಳು ನನ್ನ ಮುಖ ನೋಡಿದಳು. ನೋಡಿ, ಮಾತು ನಿಲ್ಲಿಸಿದಳು. ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು.

"ಇನ್ನೊಮ್ಮೆ ಹೇಳು ಅವ್ವಾ," ಎಂದೆ.

"ಬ್ಯಾಡ ಬಿಡವಾ," ಎಂದಳು. ಅದೊಂದು ತಿಳಿಯಿತು.

"ಇನ್ನೊಮ್ಮೆ ಹೇಳು. ಮೆಲ್ಲಗೆ."

"ಮಂದಿ ಮೆಲ್ಲಕ ಮಾತಾಡ್ತಾರೇನ? ಹಿಂಗೇ ಅದ ನಂದು."

ಅವಳು ಸಿಟ್ಟಿನಿಂದಲೇ ಹೇಳಿದಳು. ಆದರೆ ಹೇಳಿದಳು. ನಾನು ಕೇಳಿದ್ದನ್ನು ಹಾಗೆಯೇ ತಿರುಗಿ ಹೇಳಲು ನೋಡಿದೆ. ನನ್ನ ಬಾಯಲ್ಲಿ ಅದು ಎಷ್ಟು ಕೆಟ್ಟದಾಗಿ ಬಂತೆಂದರೆ ಅವ್ವನಿಗೆ ನಗು ತಡೆಯಲಾಗಲಿಲ್ಲ. ಆ ಬೆಳಿಗ್ಗೆ ನಕ್ಕವಳು ಅವಳೇ, ನಗೆಗೀಡಾದವಳು ನಾನು. ರೊಟ್ಟಿ ಸೀದುಹೋಯಿತು.

ಅಲ್ಲಿಂದ ಮುಂದೆ ರಜೆ ಸಿಕ್ಕಾಗಲೆಲ್ಲ ಹೋದೆ. ಅವಳು ಆಡುವಳು, ನಾನು ಬರೆಯುವೆ. "ಭಾಳ" ಎನ್ನುವಾಗ ಅವಳ ಭಕಾರ ಎದೆಯಿಂದ ಬರುತ್ತಿತ್ತು. ಮಹಾಪ್ರಾಣದ ಹೊಟ್ಟೆ ಸೀಳನ್ನು ಅಗಲ ಮಾಡಿ, ಉಸಿರು ಹೊರಗೆ ಹೋಗಲು ದಾರಿ ಬಿಟ್ಟೆ. ಕೂಗುವಾಗ ಕೊನೆಯ ಸ್ವರ ಉದ್ದ ಎಳೆಯುತ್ತಿತ್ತು, ಅದಕ್ಕೆ ದೀರ್ಘದ ಬಾಲವನ್ನು ಎಳೆದೆ. "ಹಿಂಗಲ್ಲ," ಎಂದು ಅವ್ವ ಕಲ್ಲಿನ ಮೇಲಿದ್ದ ಹಿಟ್ಟಿನಲ್ಲಿ ಬೆರಳಿನಿಂದ ಬಾಲವನ್ನು ಇನ್ನಷ್ಟು ಎಳೆದು, ತುದಿಯಲ್ಲಿ ತುಸು ಮೇಲಕ್ಕೆ ಎತ್ತಿ ತೋರಿಸಿದಳು. "ಇಲ್ಲಿತನ ಹೋಗ್ತದ ನೋಡು ದನಿ. ಮಕ್ಕಳು ದೂರ ಆಡ್ಲಿಕ್ಕಿ ಹೋಗಿರ್ತಾವ, ಅಲ್ಲಿತನ ಮುಟ್ಟಬೇಕಲ್ಲ." ನಾನು ಅದನ್ನು ಹಾಗೆಯೇ ನಕಲು ಮಾಡಿಕೊಂಡೆ.

ಇಷ್ಟರಲ್ಲಿ ಮೇಲೂರಿನಲ್ಲಿ ಅಕ್ಕಣಿಯಜ್ಜಿಯನ್ನು ಅವರ ತಮ್ಮನ ಮಕ್ಕಳು ಬಂದು ಹೊಸ ದಡದ ಕಡೆ ಕರೆದುಕೊಂಡು ಹೋದರು. ಹೊಸ ದಡ ಎಂದರೆ ಘಟ್ಟದ ಬುಡಕ್ಕೆ ಬಂದು ನಿಂತಿರುವ ಈಗಿನ ಸಮುದ್ರ. ಹೋಗುವ ದಿನ ನಾನು ಊರಲ್ಲಿರಲಿಲ್ಲ. ಬಂದು ನೋಡಿದರೆ ಪಕ್ಕದ ಕೋಣೆಗೆ ಬೀಗ. ಕೆಲವು ದಿನ ನೀರು ಬಂದದ್ದೇ ನನಗೆ ತಿಳಿಯುತ್ತಿರಲಿಲ್ಲ.

ಕೊನೆಯ ಪ್ರದರ್ಶನಕ್ಕೆ ನನ್ನ ಅಕ್ಷರಗಳನ್ನು ಆಳೆತ್ತರದ ಬಟ್ಟೆಗಳ ಮೇಲೆ ಅಚ್ಚು ಹಾಕಿ ತೂಗುಬಿಟ್ಟೆ. ಸಭಾಂಗಣದ ಒಂದು ಬದಿಗೆ ಅಕ್ಕಣಿಯಜ್ಜಿಯ ಮಾತು, ಇನ್ನೊಂದು ಬದಿಗೆ ಅವ್ವನ ಮಾತು. ಜನ ಬಂದರು. ಬಟ್ಟೆಗಳ ಮುಂದೆ ನಿಂತು, ತಲೆ ಓರೆ ಮಾಡಿ, ಓದಲಾಗದೆ ಮುಂದೆ ಹೋದರು. ಕೆಲವರು ಇದನ್ನು ಹೂಬಳ್ಳಿಯ ಚಿತ್ತಾರ ಅಂದುಕೊಂಡರು. ಪರೀಕ್ಷಕರಾಗಿ ಬಂದಿದ್ದ ಹೆಂಗಸು ಮರ್ಯಾದೆಯಿಂದಲೇ ಕೇಳಿದರು: "ಕೆಲಸ ಸೊಗಸಾಗಿದೆ. ಆದರೆ ಇದನ್ನು ಯಾರು ಓದುತ್ತಾರಮ್ಮ?"

ನಾನು ಗುರುಗಳ ಕಡೆ ತಿರುಗಿದೆ. ತೋಂಟದಾರ್ಯ ಸರ್ ನೆಲ ನೋಡುತ್ತಿದ್ದರು.

ಅವ್ವ ಅಂದು ಬಂದಿದ್ದಳು. ಸೇಡಂನಿಂದ ಬೆಳಗಿನ ಬಂಡಿಗೆ ಬಂದು, ಬಾಗಿಲ ಹತ್ತಿರವೇ ನಿಂತುಕೊಂಡಿದ್ದಳು. ನೀಲಿ ಸೀರೆ, ಕೈಯಲ್ಲಿ ನನಗೆಂದು ತಂದ ಬುತ್ತಿ. ಪರೀಕ್ಷಕರ ಮಾತು ಅವಳಿಗೆ ಕೇಳಿಸಿತು ಅಂತ ಕಾಣುತ್ತದೆ. ಬುತ್ತಿಯನ್ನು ಗೋಡೆಯ ಬದಿಗೆ ಇಟ್ಟು, ಜನರ ನಡುವೆ ದಾರಿ ಮಾಡಿಕೊಂಡು, ತನ್ನ ಬಟ್ಟೆಯ ಮುಂದೆ ಬಂದು ನಿಂತಳು. ಕಿವಿಗೆ ಕೈ ಹಾಕಿ ಮಣಿ ತೆಗೆದು ಸೆರಗಿನ ತುದಿಗೆ ಗಂಟು ಹಾಕಿದಳು. ಆಮೇಲೆ ನನ್ನನ್ನು ನೋಡಿದಳು. ನಾನೂ ತೆಗೆದೆ.

ಅವಳು ಗಟ್ಟಿಯಾಗಿ ಓದಿದಳು.

"ಜಗದೇವೀಽಽ! ಎಲ್ಲಿದ್ದೀದಿ? ರೊಟ್ಟಿ ಆರ್ಲತ್ತಾವ, ಜಲ್ದಿ ಬಾ!"

ಬಾಲ ಎಳೆದಲ್ಲಿ ದನಿ ಎಳೆಯಿತು, ತುದಿ ಎತ್ತಿದಲ್ಲಿ ಎದ್ದಿತು. ಸಭಾಂಗಣದ ಮೇಲಿನ ಬಟ್ಟೆಯ ಚಾವಣಿಗೆ ತಾಗಿತು. ಚಿಕ್ಕವಳಿದ್ದಾಗ ಸಾವಿರ ಸಲ ಅವಳು ಹೀಗೆ ನನ್ನನ್ನು ಕೂಗಿದ್ದಾಳೆ. ನನಗೆ ಮುಟ್ಟಿದ್ದು "ಜಗದೇವಿ, ಎಲ್ಲಿದ್ದೀಯ, ರೊಟ್ಟಿ ಆರುತ್ತಿವೆ, ಬೇಗ ಬಾ" ಎಂದು. ಮಿಕ್ಕದ್ದೆಲ್ಲ ದಾರಿಯಲ್ಲೇ ಬಿದ್ದುಹೋಗಿತ್ತು.

ಆ ದೊಡ್ಡ ಕೋಣೆಯಲ್ಲಿ ಅಷ್ಟು ಜನರಿದ್ದರು. ಎಲ್ಲರ ಕಿವಿಯಲ್ಲೂ ಹಸಿರು ಮಿಣುಕು. ಅವರಿಗೆಲ್ಲ ಒಪ್ಪನುಡಿಯೇ ಕೇಳಿಸಿತು. ಪರೀಕ್ಷಕರು ತಲೆಯಾಡಿಸಿ ಏನೋ ಅಂದರು, ಬಹುಶಃ ಸ್ಪಷ್ಟವಾಗಿ ಓದಿದರು ಎಂದಿರಬೇಕು. ಯಾರೂ ನಗಲಿಲ್ಲ, ಯಾರೂ ಬೆರಗಾಗಲಿಲ್ಲ. ಅವ್ವ ಮನಸ್ಸು ಕಲ್ಲು ಮಾಡಿಕೊಂಡು, ಜನರ ನಡುವೆ ನಿಂತು ತನ್ನ ದನಿಯನ್ನು ಬಿಚ್ಚಿದ್ದಳು. ಅದು ಕೇಳಿದ್ದು ನನಗೊಬ್ಬಳಿಗೇ. ಆಗ ನನಗಾದ ಸಂತೋಷಕ್ಕೂ, ಅದರ ಜೊತೆಗೇ ಬಂದ ಒಂಟಿತನಕ್ಕೂ ಈವರೆಗೆ ನಾನು ಅಕ್ಷರ ಬರೆಯಲಾಗಿಲ್ಲ. ಅವ್ವ ಹತ್ತಿರ ಬಂದು ನನ್ನ ತೋಳು ಹಿಡಿದಳು.

"ಯಾಕ ಅಳ್ಲತ್ತೀದಿ? ಓದಿದೆನಲ್ಲ. ಒಬ್ರರೆ ಓದ್ತಾರ ಅಂತ ಹೇಳು ಆಕಿಗಿ."

ಹೇಳಿದೆ. ಅವರು ನಕ್ಕು ಬರೆದುಕೊಂಡರು. ನಾನು ಪಾಸಾದೆ. ಬಟ್ಟೆಗಳನ್ನು ಸುತ್ತಿ ಶಾಲೆಯ ಉಗ್ರಾಣಕ್ಕೆ ಹಾಕಿದರು. ಆಮೇಲೆ ಯಾರೂ ಅವನ್ನು ಕೇಳಲಿಲ್ಲ. ಹೊಟ್ಟೆಪಾಡಿಗೆ ನಾನು ಆಯುಷ್ಯವಿಡೀ ಒಪ್ಪಕ್ಷರದಲ್ಲೇ ಫಲಕ ಬರೆದೆ: ನೀರು ಇಲ್ಲಿ, ನೆರಳು ಅಲ್ಲಿ, ಹೊರಹೋಗುವ ದಾರಿ. ಅವ್ವ ಇದ್ದಷ್ಟು ಕಾಲ ನಾವಿಬ್ಬರೇ ಇದ್ದಾಗ ಮಣಿ ತೆಗೆದಿಡುತ್ತಿದ್ದೆವು. ಅವಳ ಮಾತು ನನಗೆ ಬಂತು, ಆದರೆ ಕಲಿತ ಮಾತಾಗಿ ಬಂತು. ಅವಳು ತೀರಿಕೊಂಡ ಮೇಲೆ ನಾನು ತಪ್ಪು ಆಡಿದರೆ ನಗುವವರಿಲ್ಲ.

ಅವಳು ತೀರಿಹೋದ ವರ್ಷವೇ ನಾನು ಮಣಿಯನ್ನು ಪೂರ್ತಿ ಬಿಟ್ಟೆ. ಊರಿನ ಹಸಿದನಿಗಳನ್ನಾದರೂ ಕೇಳಿಕೊಂಡು ಇರೋಣ ಎಂಬ ಆಸೆ. ಸಂತೆಗೆ ಹೋದೆ, ಬಂಡಿ ನಿಲ್ದಾಣಕ್ಕೆ ಹೋದೆ, ಮಕ್ಕಳು ಆಡುವ ಕಡೆ ಹೋಗಿ ನಿಂತೆ. ಎಲ್ಲೆಲ್ಲೂ ಒಪ್ಪನುಡಿ. ಹುಟ್ಟಿದಾಗಿನಿಂದ ಅದನ್ನೇ ಕೇಳಿ ಬೆಳೆದವರು ಅದನ್ನೇ ಆಡುತ್ತಾರೆ. ಈಗ ಮಣಿ ಇದ್ದರೂ ಅದೇ, ತೆಗೆದರೂ ಅದೇ. ಸೋಸಲು ಅದಕ್ಕೆ ಏನೂ ಉಳಿದಿಲ್ಲ. ಹೋದ ತಿಂಗಳು ಒಬ್ಬ ಮುದುಕ ಅಂಗಡಿಯಲ್ಲಿ "ಆಲು ಕೊಡಿ" ಎಂದ. ಹಾಲಿನ ಹಕಾರ ಬಿಟ್ಟಿದ್ದ, ತೆಂಕಣ ಸೀಮೆಯವನಿರಬೇಕು. ಅವನ ಹಿಂದೆ ನೆಳಲುಬೀದಿಯ ತುದಿಯವರೆಗೂ ನಡೆದೆ. ಅವನು ಮತ್ತೆ ಮಾತಾಡಲಿಲ್ಲ. ಮಾತಾಡಿಸೋಣವೆಂದರೆ ನನಗೆ ಧೈರ್ಯವಾಗಲಿಲ್ಲ.

ಹಿರಿಯರೇ, ನಿಮ್ಮ ಕಾಲದಲ್ಲಿ ಮಣಿ ಇಲ್ಲ. ಆದರೂ ನಿಮ್ಮಲ್ಲಿ ಯಾರಾದರೂ ಬಾಯಿ ತೆರೆಯುವ ಮೊದಲು ಒಂದು ಗಳಿಗೆ ಹೆದರುತ್ತಿರಬಹುದು. ಆಸ್ಪತ್ರೆಯಲ್ಲಿ ಹೆಸರು ಕೂಗುವವಳು, ತರಗತಿಯಲ್ಲಿ ಹೊಸದಾಗಿ ಸೇರಿದವನು, ಮದುವೆಯಾಗಿ ದೂರದ ಸೀಮೆಯಿಂದ ಬಂದವಳು. ಅವರು ಆಡಿದ್ದು ನಿಮಗೆ ತಿಳಿಯದಿದ್ದರೆ ತಿದ್ದಬೇಡಿ. ಇನ್ನೊಮ್ಮೆ ಹೇಳಿ ಅನ್ನಿ. ಹೇಳುವವರು ಎದುರಿಗಿರುವಾಗಲೇ ಕೇಳಿಬಿಡಿ. ನಾನು ಬೇಡುವುದು ಇಷ್ಟೇ.

ಅವ್ವನ ಊರಲ್ಲಿ ಹೊರಡುವವರು ಹೋಗುತ್ತೇನೆ ಎನ್ನುವ ವಾಡಿಕೆಯಿಲ್ಲ. ನಿಮ್ಮ ಕಾಲಕ್ಕೆ ನಾನು ಬರುವುದು ಆಗದ ಮಾತು, ಗೊತ್ತಿದೆ. ಆದರೂ ಹೊರಡುವಾಗ ಆಡಲು ನನ್ನಲ್ಲಿ ಬೇರೆ ಮಾತಿಲ್ಲ.

ಬರ್ತೀನ್ರಿ.

ಜಗದೇವಿ